ಬಾಟಲಿ ಬ್ಯಾಡ್ರಿ, ಮೊದಲು ಫಿಲ್ಟರ್ ನೋಡ್ರಿ

ಗಾಡಿ ಹಳೇದಾಯ್ತು ಅಂದ್ರೆ ಸಾಕು, ಸಲಹೆ ಕೊಡೋರಿಗೆ ಬರಗಾಲವಿಲ್ಲ. ಟಾಕಿಗೆ ನಾಫ್ತಲಿನ್ ಗುಂಡು ಹಾಕು ಅನ್ನೋರು, ಕರ್ಪೂರ ಹಾಕು ಅನ್ನೋರು, ಅರ್ಧ ಮುಚ್ಚಳ ಟೂಟಿ ಆಯಿಲ್ ಹಾಕು ಅನ್ನೋರು. ಇದೀಗ ಹೊಸದೊಂದು ಸಲಹೆ ಚಾಲ್ತಿಯಲ್ಲಿದೆ. ಸ್ಪೇರ್ ಪಾರ್ಟ್ಸ್ ಅಂಗಡಿಯ ಗಾಜಿನ ಕಪಾಟಿನಲ್ಲಿ ನೀಲಿ, ಕೆಂಪು, ಹಳದಿ ಬಣ್ಣದ ಪುಟ್ಟ ಬಾಟಲಿಗಳು ಸಾಲಾಗಿ ನಿಂತಿರುತ್ತವೆ. ಒಂದರ ಮೇಲೆ 'ಮೈಲೇಜ್ ಬೂಸ್ಟರ್', ಇನ್ನೊಂದರ ಮೇಲೆ 'ಎಥನಾಲ್ ರಕ್ಷಕ', ಮತ್ತೊಂದರ ಮೇಲೆ 'ಎಂಜಿನ್ ಕ್ಲೀನರ್'. ಪೆಟ್ರೋಲ್ ಹಾಕಿಸುವಾಗ ಇದನ್ನೊಂದು ಟಾಕಿಗೆ ಸುರಿದರೆ ಇಪ್ಪತ್ತು ವರ್ಷದ ಗಾಡಿ ಮದುಮಗನಂಗೆ ಓಡ್ತದೆ ಅಂತ ಮಾತು.

ನನ್ನ ಮಾತು ಸೀದಾ ಹೇಳಿಬಿಡ್ತೀನಿ. ನಮ್ಮ ಕಡೆಯ ಹಳೇ ಗಾಡಿಗೆ ಆ ಬಾಟಲಿ ಬೇಡ. ನೂರಕ್ಕೆ ತೊಂಬತ್ತು ಸಲ ಅದು ದಂಡ. ಉಳಿದ ಹತ್ತು ಸಲ ಅದು ಮಾಡುವ ಕೆಲಸವನ್ನು ಮಿಸ್ತ್ರಿಯ ಕೈಯಲ್ಲಿ ಅದಕ್ಕಿಂತ ಕಡಿಮೆ ದುಡ್ಡಿನಲ್ಲಿ, ಅದಕ್ಕಿಂತ ಚೆನ್ನಾಗಿ ಮಾಡಿಸಬಹುದು. ಇಷ್ಟೇ ಆಗಿದ್ದರೆ ಬರೆಯುವ ಅಗತ್ಯ ಇರಲಿಲ್ಲ, ಯಾರ ದುಡ್ಡು ಯಾರ ಬಾಟಲಿ ಅಂತ ಸುಮ್ಮನಿರಬಹುದಿತ್ತು. ಬೇರೆಯವರು ಹೊರಬೇಕಾದ ಖರ್ಚನ್ನು ಆ ಬಾಟಲಿ ಹಳೇ ಗಾಡಿ ಇರೋನ ತಲೆಗೆ ಕಟ್ತಾ ಇದೆ. ನನ್ನ ಸಿಟ್ಟು ಅದರ ಮೇಲೆ.

ಹಳೇ ಗಾಡಿ ಅಂದ್ರೆ ಬೆಂಗಳೂರಿನಲ್ಲಿ ಬೇರೆ ಅರ್ಥ. ಅಲ್ಲಿ ಭಾನುವಾರ ಬೆಳಿಗ್ಗೆ ಮೈಸೂರಿನ ಐಡಿಯಲ್ ಜಾವಾದ ಯೆಜ್ಡಿ, ಕ್ರೋಮ್ ಹೊಳೆಯುವ ಆರ್‌ಎಕ್ಸ್ 100 ಹೊರಗೆ ತೆಗೆದು ನಂದಿಬೆಟ್ಟಕ್ಕೆ ಹೋಗ್ತಾರೆ. ಅವರಿಗೆ ಹಳೇ ಗಾಡಿ ಒಂದು ಪ್ರೀತಿ. ನಮ್ಮ ಆದಿತ್ಯನಗರ, ಮಳಖೇಡ, ಸೇಡಂ, ವಾಡಿ, ಶಹಾಬಾದ್ ಕಡೆ ಹಳೇ ಗಾಡಿ ಅಂದ್ರೆ ಹೊಟ್ಟೆಪಾಡು. ಸಿಮೆಂಟ್ ಫ್ಯಾಕ್ಟರಿಯ ಕಾಂಟ್ರಾಕ್ಟ್ ಕೆಲಸಕ್ಕೆ ಶಿಫ್ಟ್ ಹಿಡಿಯೋನು, ಫರ್ಸಿ ಗಣಿಗೆ ಹೋಗೋನು, ಹಾಲು ಹಾಕೋನು, ತೊಗರಿ ಹೊಲಕ್ಕೆ ಔಷಧ ಹೊಡೆಯುವ ಪಂಪು ಹಿಂದೆ ಕಟ್ಟಿಕೊಂಡು ಹೋಗೋನು, ಇವರೆಲ್ಲರ ಕೆಳಗೆ ಇರೋದು ಹದಿನೈದು ಇಪ್ಪತ್ತು ವರ್ಷದ ನೂರು ಸಿಸಿ ಗಾಡಿ. ಇಲ್ಲವೇ ಟಿವಿಎಸ್ ಎಕ್ಸ್‌ಎಲ್. ನನ್ನದೂ 2003ರ ಗಾಡಿ. ಹೊಸದು ತಗೊಳ್ಳೋಕೆ ಆಗದ್ದರಿಂದ ಇದು ಓಡ್ತಾ ಇದೆ, ಓಡಲೇಬೇಕು.

ಅಂಥವನ ಲೆಕ್ಕದಿಂದಲೇ ಶುರು ಮಾಡೋಣ. ದಿನಕ್ಕೆ ಹೋಗಿ ಬಂದು 30 ಕಿ.ಮೀ., ತಿಂಗಳಿಗೆ 26 ದಿನ. ಒಟ್ಟು 780 ಕಿ.ಮೀ. ಗಾಡಿ 50 ಅವರೇಜ್ ಕೊಟ್ಟರೆ ಹದಿನೈದೂವರೆ ಲೀಟರಿನ ಮೇಲೆ ಪೆಟ್ರೋಲ್ ಬೇಕು. ಲೀಟರಿಗೆ 103 ರೂ. ಅಂತ ಹಿಡಿರಿ, ತಿಂಗಳಿಗೆ ಸುಮಾರು 1,600 ರೂ. ಈಗ ಹತ್ತು ಲೀಟರಿಗೆ ಒಂದು ಅನ್ನೋ ಬಾಟಲಿ, ಬೆಲೆ 150 ರೂ. ಅಂತ ಇಟ್ಕೊಳ್ಳಿ. ಅಲ್ಲಿಗೆ ಪ್ರತಿ ಲೀಟರಿನ ಮೇಲೆ 15 ರೂ. ಹೆಚ್ಚು ಬಿತ್ತು. ನೀವು 103ರ ಪೆಟ್ರೋಲ್ ಬಿಟ್ಟು 118ರ ಪೆಟ್ರೋಲ್ ಹಾಕಿಸಿದಂಗೆ. ಆ ದುಡ್ಡು ವಾಪಸ್ ಬರಬೇಕಾದರೆ 50 ಕೊಡೋ ಗಾಡಿ 57 ದಾಟಿ ಕೊಡಬೇಕು. ಅದೂ ಲಾಭಕ್ಕಲ್ಲ, ಬರೀ ಅಸಲಿಗೆ. ವರ್ಷಕ್ಕೆ ಈ ಬಾಟಲಿಗಳ ಖರ್ಚು 2,800 ರೂ. ಮುಟ್ಟುತ್ತದೆ. ನೂರು ಸಿಸಿ ಗಾಡಿಗೆ ಅಷ್ಟರಲ್ಲಿ ಎಷ್ಟೆಲ್ಲ ರಿಪೇರಿ ಆಗ್ತದೆ ಅಂತ ಯಾವ ಮಿಸ್ತ್ರಿಯನ್ನಾದರೂ ಕೇಳಿ.

ಏಳು ಕಿಲೋಮೀಟರ್ ಹೆಚ್ಚು ಕೊಡಿಸುವ ಔಷಧ ಜಗತ್ತಿನಲ್ಲಿ ಎಲ್ಲಾದರೂ ಇದೆಯಾ? ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಪೆಟ್ರೋಲ್ ಉಳಿಸುತ್ತೇವೆ ಅನ್ನುವ ನೂರಕ್ಕೂ ಹೆಚ್ಚು ಸಾಧನ, ಸೇರ್ಪಡೆಗಳನ್ನು ದಶಕಗಳ ಕಾಲ ಪರೀಕ್ಷೆ ಮಾಡಿ ನೋಡಿದೆ. ಮೈಲೇಜನ್ನು ಎದ್ದು ಕಾಣುವಷ್ಟು ಹೆಚ್ಚಿಸುವ ಒಂದೇ ಒಂದು ವಸ್ತುವೂ ಅದಕ್ಕೆ ಸಿಗಲಿಲ್ಲ. ಹಾಗೊಂದು ಔಷಧ ನಿಜವಾಗಿ ಇದ್ದಿದ್ದರೆ, ಒಂದೊಂದು ಕಿಲೋಮೀಟರ್ ಅವರೇಜ್ ಹೆಚ್ಚು ತೋರಿಸಲು ಕೋಟಿಗಟ್ಟಲೆ ಸುರಿಯುವ ಗಾಡಿ ಕಂಪನಿಗಳು ಬಿಡ್ತಿದ್ವಾ? ಶೋರೂಮಿನಲ್ಲೇ ಡಬ್ಬಿಗಟ್ಟಲೆ ಮಾರ್ತಿದ್ವು.

ನಮ್ಮ ದೇಶಕ್ಕೂ ಈ ಆಸೆ ಹೊಸದಲ್ಲ. 1996ರಲ್ಲಿ ತಮಿಳುನಾಡಿನ ರಾಮರ್ ಪಿಳ್ಳೈ ಅನ್ನೋರು ಗಿಡಮೂಲಿಕೆ ಹಾಕಿ ನೀರಿನಿಂದಲೇ ಪೆಟ್ರೋಲ್ ಮಾಡ್ತೀನಿ ಅಂದಾಗ ಪೇಪರಿನ ತುಂಬ ಅದೇ ಸುದ್ದಿ. ದೊಡ್ಡ ದೊಡ್ಡವರೇ ನಂಬಿದರು. ಆಮೇಲೆ ಸಿಬಿಐ ತನಿಖೆ ನಡೆದು, ಮಾರಿದ್ದು ಮೂಲಿಕೆಯಲ್ಲ, ಪೆಟ್ರೋಲಿಯಂ ದ್ರಾವಕಗಳ ಬೆರಕೆ ಅಂತ ಹೊರಬಿತ್ತು. 2016ರಲ್ಲಿ ಚೆನ್ನೈನ ನ್ಯಾಯಾಲಯ ಮೂರು ವರ್ಷ ಶಿಕ್ಷೆ ಕೊಟ್ಟಿತು. ಇಂದಿನ ಬಾಟಲಿಗಳೆಲ್ಲ ಅಂಥ ಮೋಸ ಅಂತ ನಾನು ಹೇಳ್ತಿಲ್ಲ. ಆದರೆ ದುಬಾರಿ ಪೆಟ್ರೋಲು, ಬಡ ಜೇಬು ಎರಡೂ ಕೂಡಿದ ಕಡೆ ನಂಬಿಕೆ ಬಲು ಸಲೀಸಾಗಿ ಮಾರಾಟವಾಗ್ತದೆ.

ಹಾಗಾದರೆ ಬಾಟಲಿಯೊಳಗೆ ಇರೋದೇನು? ಬಹಳಷ್ಟು ಬಾಟಲಿಗಳ ಮೇಲೆ ಏನು ಮಾಡ್ತದೆ ಅಂತ ಇರ್ತದೆ, ಏನಿದೆ ಅಂತ ಇರೋದಿಲ್ಲ. ಸಾಮಾನ್ಯವಾಗಿ ನಾಲ್ಕು ಜಾತಿ. ಕೊಳೆ ತೆಗೆಯುವ ಡಿಟರ್ಜೆಂಟ್, ಆಕ್ಟೇನ್ ಹೆಚ್ಚಿಸುವ ವಸ್ತು, ನೀರು ಹೀರುವ ಆಲ್ಕೊಹಾಲ್, ಪೆಟ್ರೋಲ್ ಕೆಡದಂತೆ ಇಡುವ ಸ್ಟೆಬಿಲೈಜರ್. ಒಂದೊಂದಾಗಿ ನೋಡೋಣ.

ಡಿಟರ್ಜೆಂಟ್ ಸುಳ್ಳಲ್ಲ. ಪಾಲಿಈಥರ್‌ಅಮೈನ್ ಅನ್ನೋ ಜಾತಿಯದ್ದು ಇಂಜೆಕ್ಟರಿನ ಸೂಕ್ಷ್ಮ ರಂಧ್ರಕ್ಕೆ, ವಾಲ್ವಿಗೆ ಕಟ್ಟಿದ ಮಸಿಯನ್ನು ನಿಜವಾಗಿ ಕರಗಿಸುತ್ತದೆ. ಫ್ಯುಯೆಲ್ ಇಂಜೆಕ್ಷನ್ ಇರುವ ಗಾಡಿಗೆ, ಅಂದ್ರೆ 2020ರ ಏಪ್ರಿಲ್‌ನಲ್ಲಿ ಬಿಎಸ್6 ಬಂದ ಮೇಲಿನ ಬಹುಪಾಲು ಗಾಡಿಗೆ, ವರ್ಷಕ್ಕೊಮ್ಮೆ ಹಾಕಿದರೆ ಹಾಕಿಕೊಳ್ಳಲಿ. ನಮ್ಮ ಹಳೇ ಗಾಡಿಯಲ್ಲಿ ಇಂಜೆಕ್ಟರ್ ಎಲ್ಲಿದೆ? ಇರೋದು ಕಾರ್ಬುರೇಟರ್. ಅದನ್ನು ಬಿಚ್ಚಿ, ಜೆಟ್ ತೆಗೆದು, ಗಾಳಿ ಹೊಡೆದು ಕೂಡಿಸೋಕೆ ಮಿಸ್ತ್ರಿಗೆ ಅರ್ಧ ತಾಸು ಸಾಕು. ತಳದಲ್ಲಿ ಕೂತ ಮಣ್ಣು, ತುಕ್ಕಿನ ಪುಡಿಯನ್ನು ಯಾವ ಡಿಟರ್ಜೆಂಟೂ ಕರಗಿಸೋದಿಲ್ಲ. ಬದಲಿಗೆ ಹಳೇ ಟಾಕಿಯ ಗೋಡೆಗೆ ಅಂಟಿದ್ದ ಹೊಲಸನ್ನು ಸಡಿಲ ಮಾಡಿ ಜೆಟ್ಟಿಗೇ ತಂದು ಸಿಕ್ಕಿಸುವ ಸಾಧ್ಯತೆಯೂ ಉಂಟು.

ಆಕ್ಟೇನ್ ಬೂಸ್ಟರ್ ಅಂತೂ ನಮಗೆ ಸಂಬಂಧವೇ ಇಲ್ಲದ್ದು. ಆಕ್ಟೇನ್ ಅಂದ್ರೆ ಪೆಟ್ರೋಲಿನ ಶಕ್ತಿ ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ. ಒತ್ತಡಕ್ಕೆ ಸಿಕ್ಕಿದಾಗ ಹೊತ್ತಲ್ಲದ ಹೊತ್ತಿಗೆ ತಾನಾಗಿ ಸಿಡಿಯದೆ ತಡೆದುಕೊಳ್ಳುವ ಗುಣ ಅದು. ಹೆಚ್ಚು ಕಂಪ್ರೆಷನ್ನಿನ ಎಂಜಿನ್ನಿಗೆ ಅದು ಬೇಕು. ನೂರು ಸಿಸಿ ಗಾಡಿಯ ಕಂಪ್ರೆಷನ್ 9ರ ಆಸುಪಾಸು, ಹಳೇ ಬುಲೆಟ್ಟಿನದು ಅದಕ್ಕಿಂತ ಎಷ್ಟೋ ಕಡಿಮೆ. ಬಿಎಸ್4 ಕಾಲದ ಸಾದಾ ಪೆಟ್ರೋಲಿನ 91 ಆಕ್ಟೇನೇ ಇವಕ್ಕೆ ಧಾರಾಳ. ಈಗ ಅದರಲ್ಲಿ ಐದನೇ ಒಂದು ಪಾಲು ಎಥನಾಲ್. ಅದರದ್ದೇ ಆಕ್ಟೇನ್ 108ರ ಸುಮಾರು. ಅಂದ್ರೆ ಬೂಸ್ಟರನ್ನು ಸರ್ಕಾರವೇ ಬೆರೆಸಿ ಕೊಡ್ತಾ ಇದೆ. ಇನ್ನು ಕಬ್ಬಿಣ, ಮ್ಯಾಂಗನೀಸ್ ಸಂಯುಕ್ತ ಇರುವ ಬೂಸ್ಟರ್‌ಗಳು ಪ್ಲಗ್ ತುದಿಯ ಮೇಲೆ ಕೆಂಪು, ಕಂದು ಪದರ ಕೂಡಿಸುತ್ತವೆ. ದುಡ್ಡು ಕೊಟ್ಟು ಮಿಸ್ಸಿಂಗ್ ತಂದುಕೊಂಡಂಗೆ.

ನೀರು ತೆಗೆಯುವ ಬಾಟಲಿಯದು ಇನ್ನೂ ತಮಾಷೆ. ಅದರೊಳಗೆ ಹೆಚ್ಚಾಗಿ ಇರೋದು ಆಲ್ಕೊಹಾಲ್. ಆಲ್ಕೊಹಾಲ್ ನೀರನ್ನು ತನ್ನೊಳಗೆ ಎಳೆದುಕೊಂಡು ಪೆಟ್ರೋಲಿನ ಜೊತೆ ಸುಟ್ಟುಹೋಗಲಿ ಅನ್ನೋದು ಉಪಾಯ. ಪೆಟ್ರೋಲಿನಲ್ಲಿ ಎಥನಾಲ್ ಇಲ್ಲದ ಕಾಲಕ್ಕೆ ಅದು ಸರಿಯೇ ಇತ್ತು. ಇವತ್ತು ಹತ್ತು ಲೀಟರ್ ಟಾಕಿಯಲ್ಲಿ ಎರಡು ಲೀಟರ್ ಎಥನಾಲ್ ಇರುವಾಗ, ಅದರ ಮೇಲೆ 50 ಮಿ.ಲೀ. ಆಲ್ಕೊಹಾಲ್ ಸುರಿದು ಏನು ಕಡಿದು ಹಾಕೋದು? ಎರಡು ಲೀಟರಿಗೂ ಮೀರಿದ ನೀರು ಟಾಕಿಗೆ ಇಳಿದಿದ್ದರೆ ಅದು ಎಥನಾಲನ್ನೂ ಕರೆದುಕೊಂಡು ಕೆಳಗೆ ಕೂತುಬಿಡ್ತದೆ. ಆಗ ಮಾಡೋದು ಒಂದೇ, ಕಾಕ್ ಬಿಚ್ಚಿ ಖಾಲಿ ಮಾಡೋದು. ಮತ್ತೆ ನೀರು ಇಳಿದದ್ದು ಎಲ್ಲಿಂದ ಅಂತ ನೋಡೋದು. ಹತ್ತರಲ್ಲಿ ಎಂಟು ಸಲ ಟಾಕಿ ಮುಚ್ಚಳದ ರಬ್ಬರ್ ಬಿರುಕು ಬಿಟ್ಟಿರ್ತದೆ. ಮಳೆಗಾಲದಲ್ಲಿ ಗಾಡಿಯನ್ನು ಬಯಲಲ್ಲಿ ನಿಲ್ಲಿಸೋರಿಗೆ ಈ ರೋಗ ಖಾಯಂ.

ಸ್ಟೆಬಿಲೈಜರಿಗೆ ಒಂದು ಜಾಗ ಇದೆ, ಒಪ್ತೀನಿ. ಆರು ತಿಂಗಳು ಮುಟ್ಟದೆ ನಿಲ್ಲಿಸುವ ಗಾಡಿಗೆ ಅದು ಉಪಯೋಗಕ್ಕೆ ಬರ್ತದೆ. ದಿನಾ ಓಡೋ ಗಾಡಿಯ ಟಾಕಿಯಲ್ಲಿ ಪೆಟ್ರೋಲ್ ವಾರ, ಹತ್ತು ದಿನ ಇದ್ದರೆ ಹೆಚ್ಚು. ಕೆಡೋಕೆ ಅದಕ್ಕೆ ಪುರುಸೊತ್ತೇ ಇಲ್ಲ. ನಿಲ್ಲಿಸೋದೇ ಆದರೆ ಕಾಕ್ ಬಂದ್ ಮಾಡಿ ಕಾರ್ಬುರೇಟರ್ ಖಾಲಿ ಮಾಡಿ ಇಡಿ, ಖರ್ಚು ಸೊನ್ನೆ.

ನಾಫ್ತಲಿನ್ ಗುಂಡು, ಕರ್ಪೂರದ ಮಾತನ್ನೂ ಇಲ್ಲೇ ಮುಗಿಸ್ತೀನಿ. ಎರಡೂ ಘನ ವಸ್ತು. ಪೆಟ್ರೋಲಿನಲ್ಲಿ ಕರಗ್ತಾವೆ, ನಿಜ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಆರಿದ ಮೇಲೆ ಮತ್ತೆ ಹರಳಾಗಿ ಜೆಟ್ಟಿನಲ್ಲೇ ಕೂಡ್ತಾವೆ. ಇನ್ನು ಟೂಟಿ ಆಯಿಲ್. ಅದು ಟೂ ಸ್ಟ್ರೋಕ್ ಎಂಜಿನ್ನಿನ ಪ್ರಾಣ. ಹಳೇ ಎಕ್ಸ್‌ಎಲ್ ಸೂಪರ್, ಯೆಜ್ಡಿಗೆ ಅಳತೆ ತಪ್ಪದೆ ಹಾಕಲೇಬೇಕು. ಫೋರ್ ಸ್ಟ್ರೋಕ್ ಗಾಡಿಗೆ ಅದನ್ನು ಹಾಕೋದು ಅಂದ್ರೆ ಪ್ಲಗ್ಗಿಗೆ ಮಸಿ ಬಳಿಯೋದು.

'ಹಾಕೀನಿ, ಪಿಕಪ್ ಹೆಚ್ಚಾಗ್ಯಾದ' ಅನ್ನೋರು ಬಹಳ. ಅವರು ಸುಳ್ಳು ಹೇಳ್ತಾರೆ ಅಂತ ನಾನು ಅನ್ನೋದಿಲ್ಲ. ಬಾಟಲಿ ಹಾಕಿದ ದಿನವೇ ಪ್ಲಗ್ ಉಜ್ಜಿಸಿರ್ತಾರೆ, ಚೈನ್ ಬಿಗಿ ಮಾಡಿಸಿರ್ತಾರೆ, ಟೈರಿಗೆ ಗಾಳಿ ಹೊಡೆಸಿರ್ತಾರೆ. ದುಡ್ಡು ಕೊಟ್ಟಿದ್ದೀನಿ ಅನ್ನೋ ಎಚ್ಚರದಲ್ಲಿ ಆಕ್ಸಿಲರೇಟರ್ ಕೂಡ ಮೆತ್ತಗೆ ಹಿಡೀತಾರೆ. ಹೆಸರು ಮಾತ್ರ ಬಾಟಲಿಗೆ. ನಿಜ ತಿಳಿಯಬೇಕು ಅಂದ್ರೆ ಟಾಕಿ ಬಾಯಿಮಟ್ಟ ತುಂಬಿಸಿ, ಕಿಲೋಮೀಟರ್ ಬರೆದಿಟ್ಟು, ಮತ್ತೆ ಅದೇ ಪಂಪಿನಲ್ಲಿ ಬಾಯಿಮಟ್ಟ ತುಂಬಿಸಿ ಲೆಕ್ಕ ಹಾಕಿ. ಮೂರು ಟಾಕಿ ಬಾಟಲಿ ಇಲ್ಲದೆ, ಮೂರು ಟಾಕಿ ಹಾಕಿ, ಮತ್ತೆ ಮೂರು ಟಾಕಿ ಇಲ್ಲದೆ. ದಾರಿ ಅದೇ ಇರಲಿ, ಹಿಂದೆ ಕೂಡೋರೂ ಅವರೇ ಇರಲಿ. ಬಾಟಲಿಯ ಗುಣ ಗಾಳಿ, ಬಿಸಿಲು, ಹೊರೆಯಿಂದಾಗುವ ಏರುಪೇರಿಗಿಂತ ಹೆಚ್ಚಾಗಿ ಕಂಡರೆ ನನ್ನನ್ನು ಬಂದು ಬೈಯಿರಿ.

ಮಿಸ್ತ್ರಿಗಳನ್ನೂ ನಾನು ದೂರೋದಿಲ್ಲ. ಸೇಡಂನಲ್ಲಿ ನನಗೆ ಪರಿಚಯದ ಮಿಸ್ತ್ರಿ ಒಮ್ಮೆ ಬಾಯಿಬಿಟ್ಟು ಹೇಳಿದರು. "ಅಣ್ಣಾ, ಕಾರ್ಬುರೇಟರ್ ಬಿಚ್ಚಿ ತೊಳೆದು ನೂರು ರೂಪಾಯಿ ಕೇಳಿದ್ರ ಗಿರಾಕಿ ಜಗಳಕ್ಕ ಬರ್ತಾನ. ಅದೇ ನೂರೈವತ್ತರ ಬಾಟಲಿ ಕೊಟ್ರ ನಕ್ಕೋತ ಒಯ್ತಾನ. ನಾ ಏನ್ ಮಾಡ್ಲಿ?" ಮಾತು ನ್ಯಾಯವಾದದ್ದು. ಕೈಕೆಲಸಕ್ಕೆ ದುಡ್ಡು ಕೊಡೋಕೆ ನಮಗೆ ಹಿಂಸೆ, ಡಬ್ಬಿಗೆ ಕೊಡೋಕೆ ಖುಷಿ. ಅರ್ಧ ತಪ್ಪು ಗಿರಾಕಿಗಳದ್ದೇ.

ಈಗ ಇ20 ವಿಷಯಕ್ಕೆ ಬರ್ತೀನಿ. ಬಾಟಲಿಗಳು ಇಷ್ಟು ಖರ್ಚಾಗ್ತಿರೋದು ಈ ಭಯದ ಮೇಲೆಯೇ. ಪೆಟ್ರೋಲಿಗೆ ಎಥನಾಲ್ ಬೆರೆಸೋದು ನಿನ್ನೆ ಮೊನ್ನೆಯದಲ್ಲ. 2003ರಲ್ಲೇ ಕರ್ನಾಟಕವೂ ಸೇರಿ ಒಂಬತ್ತು ರಾಜ್ಯಗಳಲ್ಲಿ ಶೇ. 5 ಬೆರೆಸೋಕೆ ಶುರುವಾಗಿತ್ತು. 2022ರಲ್ಲಿ ಅದು ಶೇ. 10 ಮುಟ್ಟಿತು. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಪ್ರಧಾನಿ ಶೇ. 20ರ ಪೆಟ್ರೋಲಿಗೆ ಚಾಲನೆ ಕೊಟ್ಟರು. 2030ಕ್ಕೆ ಅಂತಿದ್ದ ಗುರಿಯನ್ನು ಹಿಂದಕ್ಕೆ ಎಳೆದು 2025ಕ್ಕೇ ಮುಟ್ಟಿಸಿದರು. ನಮ್ಮ ಚಿಂಚೋಳಿಯಲ್ಲೂ ಎಥನಾಲ್ ಘಟಕ ಎದ್ದಿದೆ. ಕಬ್ಬು ಬೆಳೆಯೋನಿಗೆ ಬಿಲ್ ಬೇಗ ಸಿಕ್ಕರೆ, ಹೊರದೇಶದ ಕಚ್ಚಾ ತೈಲಕ್ಕೆ ಹೋಗೋ ದುಡ್ಡು ಇಲ್ಲೇ ಉಳಿದರೆ ನನಗೂ ಸಂತೋಷವೇ. ಎಥನಾಲ್ ವಿರೋಧಿ ನಾನಲ್ಲ.

ಆದರೆ ಲೆಕ್ಕ ಲೆಕ್ಕವೇ. ಒಂದು ಲೀಟರ್ ಎಥನಾಲಿನಲ್ಲಿ ಇರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನ ಮೂರನೇ ಎರಡು ಪಾಲು ಮಾತ್ರ. ನೀತಿ ಆಯೋಗದ 2021ರ ವರದಿಯೇ ಇದನ್ನು ಮುಚ್ಚಿಡಲಿಲ್ಲ. ಶುದ್ಧ ಪೆಟ್ರೋಲಿಗೆ ತಯಾರಾಗಿ ಇ10ಕ್ಕೆ ಹೊಂದಿಸಿದ ದ್ವಿಚಕ್ರ ವಾಹನದ ಮೈಲೇಜ್ ಇ20ರಲ್ಲಿ ಶೇ. 3ರಿಂದ 4ರಷ್ಟು ಇಳಿಯುತ್ತದೆ ಅಂತ ಅಂದಾಜು ಮಾಡಿತ್ತು. ಅಂದ್ರೆ 50 ಕೊಡೋ ಗಾಡಿ 48 ಕೊಡ್ತದೆ. ನಿಮ್ಮ ಗಾಡಿ 50ರಿಂದ 40ಕ್ಕೆ ಇಳಿದಿದ್ದರೆ ಉಳಿದ ಎಂಟು ಕಿಲೋಮೀಟರ್ ತಿಂದದ್ದು ಎಥನಾಲ್ ಅಲ್ಲ, ಬೇರೆ ಏನೋ. ಬ್ರೇಕ್ ಹಿಡಿದು ಓಡ್ತಿರಬಹುದು, ಕ್ಲಚ್ ಪ್ಲೇಟ್ ಜಾರ್ತಿರಬಹುದು, ಚೋಕ್ ಪೂರ್ತಿ ಬಿಡ್ತಿರಲಿಕ್ಕಿಲ್ಲ. ಎಥನಾಲಿನ ಹೆಸರು ಹೇಳಿ ಬಾಟಲಿ ಸುರಿದರೆ ಆ ರೋಗಗಳು ಒಳಗೇ ಉಳೀತಾವೆ.

ಆ ಎರಡು ಕಿಲೋಮೀಟರನ್ನಾದರೂ ಬಾಟಲಿ ವಾಪಸ್ ಕೊಡ್ತದಾ? ಕೊಡೋದಿಲ್ಲ. ಇಲ್ಲದ ಶಕ್ತಿಯನ್ನು 50 ಮಿ.ಲೀ. ದ್ರಾವಣ ಎಲ್ಲಿಂದ ತಂದೀತು? ಇನ್ನೊಂದು ಸಂಗತಿ. ಒಂದು ಕಿಲೋ ಶುದ್ಧ ಪೆಟ್ರೋಲ್ ಸರಿಯಾಗಿ ಉರಿಯೋಕೆ 14.7 ಕಿಲೋ ಗಾಳಿ ಬೇಕು, ಎಥನಾಲಿಗೆ 9 ಸಾಕು. ಹಾಗಾಗಿ ಹಳೇ ಕಾರ್ಬುರೇಟರಿನ ಲೆಕ್ಕದಲ್ಲಿ ಇ20 ಹಾಕಿದರೆ ಮಿಶ್ರಣ ಸ್ವಲ್ಪ ತೆಳ್ಳಗಾಗ್ತದೆ. ಬೆಳಿಗ್ಗೆ ಕಿಕ್ ಹೆಚ್ಚು ಬೇಕಾಗೋದು, ನ್ಯೂಟ್ರಲ್‌ನಲ್ಲಿ ಆಫ್ ಆಗೋದು, ಎಂಜಿನ್ ಬಿಸಿ ಹೆಚ್ಚಾಗೋದು ಇದರಿಂದಲೇ ಇರಬಹುದು. ಔಷಧ ಮಿಸ್ತ್ರಿಯ ಕೈಯಲ್ಲಿದೆ. ಏರ್ ಸ್ಕ್ರೂ ಹೊಂದಿಸೋದು, ಬೇಕಾದರೆ ಒಂದು ನಂಬರ್ ದೊಡ್ಡ ಜೆಟ್ ಹಾಕೋದು. ಬಾಟಲಿಗೆ ಸ್ಕ್ರೂ ತಿರುಗಿಸೋಕೆ ಬರೋದಿಲ್ಲ.

ರಬ್ಬರಿನ ಮಾತೂ ನಿಜ. ಹಳೇ ಕಾಲದ ಪೆಟ್ರೋಲ್ ಪೈಪು, ಕಾಕಿನ ವಾಷರ್, ಕಾರ್ಬುರೇಟರಿನ ಪ್ಯಾಕಿಂಗ್ ಇವೆಲ್ಲ ಇಷ್ಟು ಎಥನಾಲಿಗೆ ಅಂತ ಮಾಡಿದ್ದಲ್ಲ. ಉಬ್ಬುತ್ತವೆ, ಬಿರುಸಾಗುತ್ತವೆ, ಸೋರುತ್ತವೆ. ಕೆಲವು ಹಳೇ ಗಾಡಿಗಳಲ್ಲಿ 20,000–30,000 ಕಿ.ಮೀ. ಓಡಿದ ಮೇಲೆ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು, ಅದು ಅಗ್ಗದ ಕೆಲಸ ಅಂತ 2025ರ ಆಗಸ್ಟ್‌ನಲ್ಲಿ ಪೆಟ್ರೋಲಿಯಂ ಸಚಿವಾಲಯವೇ ಹೇಳಿತು. ಒಮ್ಮೆ ಉಬ್ಬಿದ ರಬ್ಬರನ್ನು ಯಾವ 'ರಕ್ಷಕ'ನೂ ಮೊದಲಿನಂತೆ ಮಾಡೋದಿಲ್ಲ. ಪೈಪು ಬದಲಿಸಿ, ಮುಗೀತು. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಸೋರೋದು ಅವರೇಜಿನ ಪ್ರಶ್ನೆಯಲ್ಲ, ಜೀವದ ಪ್ರಶ್ನೆ.

ಇಷ್ಟು ಹೊತ್ತು ಟಾಕಿಯ ಮಾತಾಯ್ತು. ನಮ್ಮ ಊರಿನ ಗಾಡಿಗಳ ನಿಜವಾದ ವೈರಿ ಟಾಕಿಯಿಂದ ಒಳಗೆ ಬರೋದಿಲ್ಲ, ಏರ್ ಫಿಲ್ಟರಿನಿಂದ ಬರ್ತದೆ. ಲೆಕ್ಕ ಕೇಳಿ. ಒಂದು ಲೀಟರ್ ಪೆಟ್ರೋಲ್ ಸುಡೋಕೆ ಎಂಜಿನ್ ಸುಮಾರು 9,000 ಲೀಟರ್ ಗಾಳಿ ಎಳೆದುಕೊಳ್ಳುತ್ತದೆ. ತಿಂಗಳಿಗೆ ಹದಿನೈದು ಲೀಟರ್ ಅಂದ್ರೆ ಒಂದು ಲಕ್ಷದ ಮೂವತ್ತು ಸಾವಿರ ಲೀಟರಿನ ಮೇಲೆ ಗಾಳಿ. ಅದು ಮಡಿಕೇರಿಯ ಗಾಳಿಯಲ್ಲ. ಒಂದು ಕಡೆ ಸುಣ್ಣಕಲ್ಲಿನ ಗಣಿ, ಒಂದು ಕಡೆ ಸಿಮೆಂಟ್ ಲಾರಿ, ಇನ್ನೊಂದು ಕಡೆ ಫರ್ಸಿ ಕೊಯ್ಯುವ ಮಷೀನು, ಬೇಸಿಗೆಯಲ್ಲಿ ಎರೆ ಹೊಲದಿಂದ ಏಳೋ ಧೂಳು. ವಾಡಿಯಿಂದ ಚಿತ್ತಾಪುರಕ್ಕೆ ಬಿಳಿ ಅಂಗಿ ಹಾಕ್ಕೊಂಡು ಗಾಡಿ ಮೇಲೆ ಹೋಗಿ ಬಂದು ಕಾಲರ್ ನೋಡಿಕೊಳ್ಳಿ. ನಿಮ್ಮ ಕಾಲರಿಗೆ ಹತ್ತಿದ್ದೇ ಫಿಲ್ಟರಿಗೂ ಹತ್ತಿರ್ತದೆ.

ಫಿಲ್ಟರ್ ಕಟ್ಟಿದರೆ ಗಾಳಿ ಕಡಿಮೆಯಾಗಿ ಕಾರ್ಬುರೇಟರ್ ಪೆಟ್ರೋಲ್ ಹೆಚ್ಚು ಸುರೀತದೆ. ಪ್ಲಗ್ ಕರ್ರಗಾಗ್ತದೆ, ಅವರೇಜ್ ಬೀಳ್ತದೆ. ಫಿಲ್ಟರ್ ಹರಿದಿದ್ದರೆ ಇನ್ನೂ ಕೆಟ್ಟದ್ದು. ಆ ಕಲ್ಲಿನ ಪುಡಿ ನೇರ ಸಿಲಿಂಡರಿಗೆ ಹೋಗಿ ಪಿಸ್ಟನ್ ರಿಂಗು, ಬೋರನ್ನು ಉಪ್ಪುಕಾಗದದಂತೆ ಉಜ್ಜುತ್ತದೆ. ಆಮೇಲೆ ನೀಲಿ ಹೊಗೆ, ಆಮೇಲೆ ಎಂಜಿನ್ ಕೆಲಸ, ಆಮೇಲೆ ಸಾಲ. ಧೂಳಿನ ಪ್ರದೇಶದಲ್ಲಿ ಫಿಲ್ಟರನ್ನು ಬೇಗ ಬೇಗ ನೋಡಿ ಅಂತ ಗಾಡಿ ಜೊತೆ ಬರೋ ಪುಸ್ತಕದಲ್ಲೇ ಬರೆದಿರ್ತಾರೆ. ಸ್ಪಂಜಿನ ಫಿಲ್ಟರ್ ಆದರೆ ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಎಂಜಿನ್ ಆಯಿಲಿನಲ್ಲಿ ಅದ್ದಿ, ಹಿಂಡಿ ಹಾಕಬಹುದು. ಎಣ್ಣೆ ಹಚ್ಚಿದ ಕಾಗದದ್ದಾದರೆ ತೊಳೆಯೋಹಂಗಿಲ್ಲ, ಗಾಳಿ ಹೊಡೆಯೋಹಂಗಿಲ್ಲ, ಬದಲಿಸಬೇಕು. ಎರಡು ತಿಂಗಳ ಬಾಟಲಿ ಬಿಟ್ಟರೆ ಆ ದುಡ್ಡು ಬಂತು.

ಪೆಟ್ರೋಲಿನ ಮೇಲೇ ಅನುಮಾನ ಇದ್ದರೂ ಬಾಟಲಿ ಉತ್ತರವಲ್ಲ. ಪಂಪಿನಲ್ಲಿ ಕೇಳೋ ಹಕ್ಕು ನಿಮಗಿದೆ. ಫಿಲ್ಟರ್ ಪೇಪರ್ ಕೇಳಿ, ಅದರ ಮೇಲೆ ಒಂದು ಹನಿ ಪೆಟ್ರೋಲ್ ಬಿಡಿ. ಎರಡು ನಿಮಿಷದಲ್ಲಿ ಕಲೆ ಇಲ್ಲದೆ ಆರಬೇಕು. ಡೆನ್ಸಿಟಿ ಅಳೆದು ತೋರಿಸಿ ಅನ್ನಿ, ಅಲ್ಲಿ ಬರೆದ ಸಂಖ್ಯೆಯ ಜೊತೆ ತಾಳೆ ನೋಡಿ. ಅಳತೆ ಕಡಿಮೆ ಅನ್ನಿಸಿದರೆ ಐದು ಲೀಟರಿನ ಮುದ್ರೆ ಹಾಕಿದ ಮಾಪು ತರಿಸಿ. ಹಿಂದೆ ನಿಂತವರು ಹಾರ್ನ್ ಹೊಡೀತಾರೆ, ಹುಡುಗರು ಮುಖ ಗಂಟು ಹಾಕ್ತಾರೆ. ಪರವಾಗಿಲ್ಲ. ನೂರೈವತ್ತು ರೂಪಾಯಿಯ ಬಾಟಲಿಗಿಂತ ಎರಡು ನಿಮಿಷದ ಮುಜುಗರ ಅಗ್ಗ.

'ಹೋಗ್ಲಿ ಬಿಡಪ್ಪಾ, ಹಾಕಿದ್ರ ಹಾನಿಯೇನದ?' ಅನ್ನೋ ಪ್ರಶ್ನೆಗೆ ಇತಿಹಾಸದಲ್ಲಿ ಒಂದು ಕಠಿಣ ಉತ್ತರ ಇದೆ. 1921ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್‌ನ ಪ್ರಯೋಗಾಲಯದಲ್ಲಿ ಥಾಮಸ್ ಮಿಡ್‌ಗ್ಲಿ, ಪೆಟ್ರೋಲಿಗೆ ಟೆಟ್ರಾಈಥೈಲ್ ಲೆಡ್ ಸೇರಿಸಿದರೆ ಎಂಜಿನ್ ಕಟಕಟ ನಿಲ್ಲುತ್ತದೆ ಅಂತ ಕಂಡುಹಿಡಿದರು. ಸೀಸದ ಹೆಸರು ಹೇಳದೆ 'ಈಥೈಲ್' ಅಂತ ಮಾರಿದರು. 1924ರಲ್ಲಿ ನ್ಯೂಜೆರ್ಸಿಯ ಬೇವೇ ಕಾರ್ಖಾನೆಯಲ್ಲಿ ಅದನ್ನು ತಯಾರಿಸುತ್ತಿದ್ದ ಕಾರ್ಮಿಕರು ವಿಷವೇರಿ ಸತ್ತರು. ಆಗಲೂ ಏನೂ ಹಾನಿಯಿಲ್ಲ ಅಂದರು. ಭಾರತದಲ್ಲಿ ಸೀಸದ ಪೆಟ್ರೋಲ್ ಪೂರ್ತಿ ನಿಂತದ್ದು 2000ದ ಫೆಬ್ರವರಿಯಲ್ಲಿ. ಜಗತ್ತಿನಲ್ಲಿ ಕೊನೆಗೆ ನಿಲ್ಲಿಸಿದ ಅಲ್ಜೀರಿಯಾದಲ್ಲಿ 2021ರಲ್ಲಿ. ನೂರು ವರ್ಷ ಹಿಡೀತು. ಇವತ್ತಿನ ಬಾಟಲಿ ಸೀಸದಷ್ಟು ವಿಷ ಅಂತ ಅಲ್ಲ. ಆದರೆ ಒಳಗೇನಿದೆ ಅಂತ ಬರೆಯದ ಡಬ್ಬಿಯನ್ನು 'ಹಾನಿಯೇನದ' ಅಂತ ಸುರಿಯೋ ಮುಂಚೆ ಒಳಗೇನದ ಅಂತ ಕೇಳೋದು ನಮ್ಮ ಕೆಲಸ. ಆ ಹೊಗೆ ಹೋಗೋದು ಹಿಂದೆ ಕೂತ ಮಗುವಿನ ಮೂಗಿಗೆ.

ಕೊನೆಯದಾಗಿ, ನನ್ನ ಸಿಟ್ಟಿನ ಮೂಲಕ್ಕೆ ಬರ್ತೀನಿ. ಇ20 ತನ್ನಿ ಅಂದ ಅದೇ ನೀತಿ ಆಯೋಗದ ವರದಿ ಇನ್ನೂ ಎರಡು ಮಾತು ಹೇಳಿತ್ತು. ಶಕ್ತಿ ಕಡಿಮೆ ಇರೋದರಿಂದ ಇಂಥ ಪೆಟ್ರೋಲಿನ ಬೆಲೆ ಸಾದಾ ಪೆಟ್ರೋಲಿಗಿಂತ ಕಡಿಮೆ ಇರಬೇಕು ಅಂತ ಒಂದು. ಹಳೇ ಗಾಡಿಗಳಿಗಾಗಿ ಇ10 ಕೂಡ ಸಿಗ್ತಾ ಇರಬೇಕು ಅಂತ ಇನ್ನೊಂದು. ಎಥನಾಲ್ ಬಂತು, ಈ ಎರಡೂ ಬರಲಿಲ್ಲ. ಎಥನಾಲ್ ಇಲ್ಲದ ಪೆಟ್ರೋಲಿನ ಆಯ್ಕೆಯಾದರೂ ಕೊಡಿ ಅಂತ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿ 2025ರ ಸೆಪ್ಟೆಂಬರ್ 1ರಂದು ವಜಾ ಆಯಿತು. ಗಾಡಿ ಕಂಪನಿಗಳು ತಮ್ಮ ಹದಿನೈದು ವರ್ಷ ಹಿಂದಿನ ಮಾಡೆಲ್‌ಗಳಿಗೆ ಪೈಪು, ವಾಷರ್, ಜೆಟ್ ಕೂಡಿಸಿದ ಒಂದು ಸಣ್ಣ ಕಿಟ್ ಮಾಡಿ ಹಳ್ಳಿಯ ಅಂಗಡಿಗಳ ತನಕ ಮುಟ್ಟಿಸಬಹುದಿತ್ತು. ಪಂಪಿನ ಪ್ರತಿ ಮಷೀನಿನ ಮೇಲೆ ಎಷ್ಟು ಎಥನಾಲ್ ಇದೆ ಅಂತ ಕನ್ನಡದಲ್ಲಿ ದೊಡ್ಡದಾಗಿ ಬರೆಸಬಹುದಿತ್ತು. ಇವು ಕೇಳಬೇಕಾದ ಬೇಡಿಕೆಗಳು. ಇವುಗಳ ಜಾಗದಲ್ಲಿ ನಮ್ಮ ಕೈಗೆ ಸಿಕ್ಕಿದ್ದು ಒಂದು ಬಣ್ಣದ ಬಾಟಲಿ. ಅದನ್ನು ಕೊಂಡವನು, 'ನನ್ನ ಸಮಸ್ಯೆ, ನಾನೇ ಬಗೆಹರಿಸಿಕೊಂಡೆ' ಅಂತ ಸುಮ್ಮನಾಗ್ತಾನೆ. ಕೇಳಬೇಕಾದ ಬಾಯಿ ಮುಚ್ಚಿಸೋಕೆ ನೂರೈವತ್ತು ರೂಪಾಯಿ, ಅದೂ ಅವನ ಜೇಬಿನಿಂದಲೇ.

ಹಾಗಾಗಿ ಮುಂದಿನ ಪಗಾರ ಆದಾಗ ಹೀಗೆ ಮಾಡಿ. ಬಾಟಲಿಯ ದುಡ್ಡು ಬೇರೆ ತೆಗೆದಿಟ್ಟು ಮೊದಲು ಫಿಲ್ಟರ್, ಆಮೇಲೆ ಪೆಟ್ರೋಲ್ ಪೈಪು, ಟಾಕಿ ಮುಚ್ಚಳದ ರಬ್ಬರು, ಆಮೇಲೆ ಪ್ಲಗ್ ನೋಡಿ. ಎಂಜಿನ್ ಆಯಿಲನ್ನು ಹೊತ್ತಿಗೆ ಸರಿಯಾಗಿ ಬದಲಿಸಿ. ಕಾರ್ಬುರೇಟರ್ ಬಿಚ್ಚಿದ ಮಿಸ್ತ್ರಿಗೆ ಅವರು ಕೇಳಿದ ನೂರು ರೂಪಾಯಿಯನ್ನು ಚೌಕಾಸಿ ಮಾಡದೆ ಕೊಡಿ. ಇಷ್ಟಾದ ಮೇಲೂ ಗಾಡಿ ಅವರೇಜ್ ಕೊಡದಿದ್ದರೆ ಎಂಜಿನ್ ಬಿಚ್ಚಿಸಿ ನೋಡಬೇಕಾದೀತು. ಅದಕ್ಕೂ ಆ ವರ್ಷದ 2,800 ರೂಪಾಯಿ ಜೇಬಿನಲ್ಲಿದ್ದರೆ ಒಳ್ಳೇದೇ ಅಲ್ಲೇನ್ರಿ?